ಹಳೆಯ ಕಿಟಕಿ ಮುಚ್ಚುವ ಮೊದಲು

(ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಇಂದಿನ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ಸಂಘದ ಹಿರಿಯರು ನಮ್ಮನ್ನು ಕರೆದಾಗ, ವಿಷಯ ಯಾವುದು ಎಂದು ಕೇಳಿದೆವು. "ನಿಮಗೆ ತಿಳಿದಿರುವುದನ್ನೇ ಹೇಳಿ, ಸಾಕು" ಎಂದರು. ನಮಗೆ ತಿಳಿದಿರುವ ಕೆಲಸಗಳು ಎರಡೇ. ಒಂದು, ಕಪ್ಪು-ಬಸಿ ತೊಳೆಯುವುದು. ಠಾಣೆ ಸ್ಟೇಶನ್ನಿನ ಬಳಿಯ ಹೋಟೆಲಿನಲ್ಲಿ ಆರು ವರ್ಷ ಆ ಕೆಲಸ ಮಾಡುತ್ತ, ರಾತ್ರಿ ಶಾಲೆಯಲ್ಲಿ ಕೂತು ಎಸ್.ಎಸ್.ಸಿ. ಮುಗಿಸಿದೆವು. ಇನ್ನೊಂದು, ಆಮೇಲೆ ಕಲಿತ ಕಂಪ್ಯೂಟರಿನ ಕೆಲಸ. ಮೊದಲಿನದರ ಬಗ್ಗೆ ನಿಮಗೆ ಹೇಳುವಂಥದು ನಮ್ಮಲ್ಲಿ ಏನೂ ಇಲ್ಲ. ನಿಮ್ಮಲ್ಲಿ ಅನೇಕರು ನಮಗೇ ಕಲಿಸಿದವರು. ಆದುದರಿಂದ ಎರಡನೆಯದನ್ನು ಆರಿಸಿಕೊಂಡೆವು.

ವಿಷಯದ ಹೆಸರು ಕೇಳಿ ತಾವು ನಗಬಹುದು. ವರ್ಚುವಲ್ ಮೆಷೀನು ಎಂಬುದೊಂದಿದೆ. ಅದರ ಡಿಸ್ಕನ್ನು ಒಂದು ಕಂಟ್ರೋಲರಿನಿಂದ ಬಿಡಿಸಿ ಇನ್ನೊಂದು ಕಂಟ್ರೋಲರಿಗೆ ಜೋಡಿಸುವುದು ಹೇಗೆ, ಎಂಬುದೇ ಇಂದಿನ ವಿಷಯ. ಇಡ್ಲಿ ಬೇಯಿಸುವವರಿಗೂ ಗಿರಣಿಯಲ್ಲಿ ಕಡಿದ ನೂಲು ಜೋಡಿಸಿದವರಿಗೂ ಇದರಿಂದ ಆಗಬೇಕಾದುದೇನು, ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ನಿಮ್ಮ ಪಾಸ್‌ಬುಕ್ಕಿನಲ್ಲಿರುವ ಅಂಕಿ ಇಂದು ಅಂಥದೊಂದು ಡಿಸ್ಕಿನಲ್ಲಿದೆ. ಅದನ್ನು ಕಾಯುವ ರಾತ್ರಿ ಪಾಳಿಯ ಹುಡುಗರಲ್ಲಿ ನಮ್ಮ ಮಕ್ಕಳಿದ್ದಾರೆ. ಇವೆರಡೂ ನಮ್ಮವೇ ಆದಮೇಲೆ ವಿಷಯವೂ ನಮ್ಮದೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ೧೯೮೨ನೆಯ ಇಸವಿಯ ಜನವರಿ ೧೮ರಂದು ಮುಂಬಯಿಯ ಗಿರಣಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಗೆ ನಿಂತರು. ಅನೇಕರು ಮತ್ತೆ ಒಳಗೆ ಹೋಗಲೇ ಇಲ್ಲ. ಪರೇಲಿನಲ್ಲಿದ್ದ ನಮ್ಮ ತಂದೆಯವರೂ ಅವರಲ್ಲೊಬ್ಬರು. ಖೋಲಿ ಮಾರಿ ಡೊಂಬಿವಲಿಗೆ ಬಂದೆವು. ನಿಮ್ಮಲ್ಲಿ ಎಷ್ಟೋ ಮನೆಗಳ ಕಥೆಯೂ ಇದೇ: ಪರೇಲು, ಲಾಲಬಾಗು, ವರಳಿಗಳಿಂದ ಎದ್ದು ಠಾಣೆ, ಡೊಂಬಿವಲಿ, ಕಲ್ಯಾಣಗಳಲ್ಲಿ ಬಂದು ಕೂತ ಕಥೆ. ೨೦೦೪ರ ನವೆಂಬರಿನಲ್ಲಿ ಠಾಣೆಯಿಂದ ವಾಶಿಯ ಕಡೆಗೆ ಟ್ರಾನ್ಸ್-ಹಾರ್ಬರ್ ರೈಲು ಶುರುವಾಯಿತು. ಅಂದಿನಿಂದ ಕಲ್ಯಾಣ-ಡೊಂಬಿವಲಿಯ ಹುಡುಗರು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಳಿ, ರಬಾಳೆ, ಘನಸೋಲಿ, ಕೋಪರಖೈರಣೆಗಳಿಗೆ ಕೆಲಸಕ್ಕೆ ಹೋಗತೊಡಗಿದರು. ಹಿಂದೆ ಬರೀ ರಾಸಾಯನಿಕ ಕಾರಖಾನೆಗಳಿಗೆ ಹೆಸರಾಗಿದ್ದ ಠಾಣೆ-ಬೇಲಾಪುರ ರಸ್ತೆಯ ಪಟ್ಟಿಯಲ್ಲಿ ಇಂದು ಐರೋಳಿ, ರಬಾಳೆ, ಮಹಾಪೆಗಳ ಉದ್ದಕ್ಕೂ ಡೇಟಾ ಸೆಂಟರುಗಳಿವೆ. ಪನವೇಲಿನಲ್ಲಿ ೨೦೨೦ರಲ್ಲಿ ಇನ್ನೊಂದು ಭಾರಿ ಕಟ್ಟಡ ತೆರೆಯಿತು. ಹೊರಗಿನಿಂದ ನೋಡಿದರೆ ಗೋದಾಮು; ಒಳಗೆ ಬೀರುಗಳ ಸಾಲು, ಅವುಗಳಲ್ಲಿ ಹಗಲಿರುಳೂ ಓಡುವ ಕಂಪ್ಯೂಟರು. ಅಲ್ಲಿಯೂ ಮೂರು ಪಾಳಿಯೇ. ಅಲ್ಲಿಯೂ ಗೇಟ್ ಪಾಸೇ. ಬದಲಿ ಕಾಮಗಾರನ ಜಾಗದಲ್ಲಿ ಈಗ ಗುತ್ತಿಗೆಯ ಹುಡುಗ, ಇಷ್ಟೇ ವ್ಯತ್ಯಾಸ.

ಇನ್ನು ವಿಷಯಕ್ಕೆ ಬರೋಣ. ವರ್ಚುವಲ್ ಮೆಷೀನು ಎಂದರೇನು?

ನಮ್ಮ ಚಾಳನ್ನು ನೆನಪಿಸಿಕೊಳ್ಳಿ. ಕಟ್ಟಡ ಒಂದು, ನೀರಿನ ಟಾಕಿ ಒಂದು, ವಿದ್ಯುತ್ತಿನ ತಂತಿ ಒಂದು, ಖೋಲಿ ಇಪ್ಪತ್ತು. ಪ್ರತಿ ಸಂಸಾರವೂ ತನ್ನ ಬಾಗಿಲು ಹಾಕಿಕೊಂಡರೆ ಅದು ತನ್ನದೇ ಮನೆ. ಅದರಂತೆಯೇ ಒಂದು ದೊಡ್ಡ ಕಂಪ್ಯೂಟರಿನಲ್ಲಿ ಹತ್ತು-ಇಪ್ಪತ್ತು ಕಂಪ್ಯೂಟರುಗಳು ಬಿಡಾರ ಮಾಡುತ್ತವೆ. ಪ್ರತಿಯೊಂದೂ ತಾನೇ ಪೂರ್ಣ ಯಂತ್ರ ಎಂದು ಭಾವಿಸಿ ನಡೆಯುತ್ತದೆ. ಈ ಬಿಡಾರದ ಯಂತ್ರಕ್ಕೆ ವರ್ಚುವಲ್ ಮೆಷೀನು ಎಂದು ಹೆಸರು. ಇವುಗಳಿಗೆಲ್ಲ ಜಾಗ ಹಂಚಿಕೊಟ್ಟು, ಒಬ್ಬರ ನೀರು ಇನ್ನೊಬ್ಬರು ಹಿಡಿಯದಂತೆ ನೋಡಿಕೊಳ್ಳುವ ವ್ಯವಸ್ಥಾಪಕನಿಗೆ ಹೈಪರ್‌ವೈಸರು ಎನ್ನುತ್ತಾರೆ. ಬಿಡಾರದ ಯಂತ್ರಕ್ಕೆ ಕಾಣುವ ಡಿಸ್ಕು ನಿಜವಾಗಿ ಆ ವ್ಯವಸ್ಥಾಪಕನ ಉಗ್ರಾಣದಲ್ಲಿ ಕಾದಿರಿಸಿದ ಒಂದು ದೊಡ್ಡ ಕಡತ ಮಾತ್ರ.

ಕಂಟ್ರೋಲರು ಎಂದರೇನು? ಈಗ ಹೋಟೆಲಿಗೆ ಬನ್ನಿ. ಉಗ್ರಾಣದಲ್ಲಿ ಅಕ್ಕಿ, ಉದ್ದು, ಸಕ್ಕರೆ ಇದೆ. ಅದರ ಗೋಡೆಯಲ್ಲಿ ಒಂದು ಕಿಟಕಿ. ಬೇಕಾದುದನ್ನು ಆ ಕಿಟಕಿಯಲ್ಲಿ ಕೇಳಿ ತರಬೇಕು. ಉಗ್ರಾಣವೇ ಡಿಸ್ಕು, ಕಿಟಕಿಯೇ ಕಂಟ್ರೋಲರು, ಆ ಕಿಟಕಿಯ ಭಾಷೆ ಬಲ್ಲ ಮಾಣಿಯೇ ಡ್ರೈವರು. ಮೂರನ್ನೂ ಬೇರೆಬೇರೆಯಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಕಿಟಕಿಗಳಲ್ಲಿ ಬಗೆಬಗೆಯವು ಇವೆ. ಐ.ಡಿ.ಇ. ಎಂಬುದು ೧೯೮೦ರ ದಶಕದ ಕಿಟಕಿ. ಅದಕ್ಕೆ ನಾಲ್ಕಕ್ಕಿಂತ ಹೆಚ್ಚು ಡಿಸ್ಕು ಜೋಡಿಸಲು ಬರುವುದಿಲ್ಲ. ಸಾಟಾ ಎಂಬುದು ೨೦೦೩ರದು. ಇವೆರಡನ್ನೂ ಹೆಚ್ಚುಕಡಿಮೆ ಎಲ್ಲ ಯಂತ್ರಗಳೂ ಹುಟ್ಟಿನಿಂದಲೇ ಬಲ್ಲವು. ಆದರೆ ಬಿಡಾರದ ಯಂತ್ರದಲ್ಲಿ ಇವು ನಿಜವಾದ ಕಿಟಕಿಗಳಲ್ಲ, ವೇಷ. ಕೆಮು ಎಂಬ ತಂತ್ರಾಂಶ ಇಂದಿಗೂ ೧೯೯೬ರ ಸುಮಾರಿನ ಒಂದು ಇಂಟೆಲ್ ಚಿಪ್ಪಿನ ವೇಷ ಹಾಕಿ ಐ.ಡಿ.ಇ. ಕಿಟಕಿಯನ್ನು ತೋರಿಸುತ್ತದೆ. ವೇಷ ಹಾಕಿದವನು ಪ್ರತಿ ಮಾತಿಗೂ ಅಭಿನಯ ಮಾಡಲೇಬೇಕಷ್ಟೆ; ಕೆಲಸ ನಿಧಾನವಾಗುತ್ತದೆ.

ಆಸ್ಟ್ರೇಲಿಯದ ರಸ್ಟಿ ರಸೆಲ್ ಎಂಬವರು ೨೦೦೭-೦೮ರ ಸುಮಾರಿಗೆ ಬೇರೊಂದು ಕಿಟಕಿಯನ್ನು ರೂಪಿಸಿದರು. ಅದರ ಹೆಸರು ವರ್ಟ್‌ಐಓ. ಅದರ ಮರ್ಮ ಬಹಳ ಸರಳ: ಬಿಡಾರದ ಯಂತ್ರಕ್ಕೆ ತಾನು ಬಿಡಾರದಲ್ಲಿದ್ದೇನೆಂಬುದು ಗೊತ್ತಿರಲಿ, ವೇಷ ಬೇಡ. ಒಳಗಿನ ಅಡಿಗೆ ಭಟ್ಟರಿಗೂ ಹೊರಗಿನ ಮಾಣಿಗೂ ನಡುವೆ ಒಂದು ಹಲಗೆ ತೂಗುಹಾಕಿದಂತೆ. ಮಾಣಿ ಒಂದೊಂದು ದೋಸೆಗೂ ಒಳಗೆ ಓಡುವುದಿಲ್ಲ. ಹಲಗೆಯ ಮೇಲೆ ಎಂಟು-ಹತ್ತು ಆರ್ಡರು ಸಾಲಾಗಿ ಬರೆದು ಒಮ್ಮೆ ಗಂಟೆ ಬಾರಿಸುತ್ತಾನೆ. ಭಟ್ಟರು ಒಂದೊಂದಾಗಿ ಮುಗಿಸಿ ಗುರುತು ಹಾಕುತ್ತಾರೆ. ಹಲಗೆ ತುದಿಗೆ ಬಂದರೆ ಮತ್ತೆ ಮೇಲಿನಿಂದ ಬರೆಯುತ್ತಾರೆ. ಇದೇ ವರ್ಟ್‌ಐಓ ಕೆಲಸ ಮಾಡುವ ರೀತಿ. ವೇಗ ಬರುವುದು ಓಟದಿಂದಲ್ಲ, ಓಡಾಟ ಕಡಿಮೆಯಾದುದರಿಂದ.

ಹಾಗಾದರೆ ಎಲ್ಲರೂ ಹೊಸ ಕಿಟಕಿಗೆ ಹೋಗಬಾರದೇಕೆ? ಹೋಗಬಹುದು. ತೊಡಕು ಒಂದೇ: ಹೊಸ ಕಿಟಕಿಯ ಭಾಷೆ ವಿಂಡೋಸಿಗೆ ಹುಟ್ಟಿನಿಂದ ಬರುವುದಿಲ್ಲ. ಡ್ರೈವರನ್ನು ಹೊರಗಿನಿಂದ ತಂದು ಕಲಿಸಬೇಕು.

ಈ ಪ್ರಶ್ನೆ ಈಗೇಕೆ ಎದ್ದಿತು ಎಂಬುದನ್ನೂ ಹೇಳಬೇಕು. ಬಹಳ ವರ್ಷ ಈ ವ್ಯವಸ್ಥಾಪಕನ ಕೆಲಸಕ್ಕೆ ದೊಡ್ಡ ದೊಡ್ಡ ಕಂಪನಿಗಳಲ್ಲಿ ವಿಎಂವೇರ್ ಎಂಬ ತಂತ್ರಾಂಶವೇ ಬಳಕೆಯಲ್ಲಿತ್ತು. ೨೦೨೩ರ ನವೆಂಬರ್ ೨೨ರಂದು ಬ್ರಾಡ್‌ಕಾಮ್ ಕಂಪನಿ ವಿಎಂವೇರನ್ನು ಕೊಂಡಿತು. ಮುಂದಿನ ತಿಂಗಳೇ, ಒಮ್ಮೆ ಹಣ ಕೊಟ್ಟು ಸದಾಕಾಲಕ್ಕೆ ಪಡೆಯುವ ಪರವಾನಗಿಯ ಮಾರಾಟ ನಿಂತು, ಅವಧಿಗೊಮ್ಮೆ ಹಣ ಕಟ್ಟುವ ಪದ್ಧತಿ ಮಾತ್ರ ಉಳಿಯಿತು. ಪಗಡಿ ಕೊಟ್ಟು ಕೂತ ಖೋಲಿಗೆ ಮಾಲೀಕ ಬದಲಾಗಿ, ಇನ್ನು ಬರೀ ಬಾಡಿಗೆ ಎಂದಂತಾಯಿತು. ಆಗ ಸಣ್ಣ ಸಂಸ್ಥೆಗಳು ಬೇರೆ ಚಾಳು ಹುಡುಕಿದುವು. ಕೆಲವರು ಆರಿಸಿಕೊಂಡದ್ದು ಆಸ್ಟ್ರಿಯಾದ ವಿಯೆನ್ನಾದಲ್ಲಿ ತಯಾರಾಗುವ ಪ್ರಾಕ್ಸ್‌ಮಾಕ್ಸ್. ಅದನ್ನು ಪರವಾನಗಿ ಹಣವಿಲ್ಲದೆಯೂ ಬಳಸಬಹುದು. ವಿಎಂವೇರಿನಿಂದ ಯಂತ್ರಗಳನ್ನು ನೇರವಾಗಿ ಎತ್ತಿ ತರುವ ಸೌಕರ್ಯವನ್ನು ಅವರು ೨೦೨೪ರಲ್ಲಿ ಸೇರಿಸಿದರು. ಸಾಮಾನು ಸಾಗಿಸುವುದು ಸುಲಭವಾಯಿತು. ಆದರೆ ಹಳೆಯ ಮನೆಯ ಕಿಟಕಿ ಹೊಸ ಮನೆಯಲ್ಲಿ ಹಾಗೆಯೇ ಇರುತ್ತದೆಂದು ಹೇಳಲಾಗದು. ವಿಎಂವೇರಿನಲ್ಲಿ ಎಲ್‌ಎಸ್‌ಐ ಎಂಬ ಕಿಟಕಿಯಿದ್ದಲ್ಲಿ, ಇಲ್ಲಿ ವರ್ಟ್‌ಐಓ ಇಡುವುದೇ ರೂಢಿ. ಅಲ್ಲಿಯೇ ಎಡವುವುದು.

ನಮ್ಮ ಕಣ್ಣೆದುರಿಗೆ ನಡೆದ ಒಂದು ಪ್ರಸಂಗ ಹೇಳುತ್ತೇವೆ. ಹೆಸರು ಕೇಳಬೇಡಿ, ಹೆಸರಿನಿಂದ ಪ್ರಯೋಜನವಿಲ್ಲ.

ಡೊಂಬಿವಲಿಯಲ್ಲಿ ಒಂದು ಪತಪೇಢಿ. ಹೋಟೆಲು ಕೆಲಸದವರು ದಿನದ ಗಳಿಕೆಯಿಂದ ಐವತ್ತು-ನೂರು ತೆಗೆದಿಟ್ಟು ಠೇವಣಿ ಕಟ್ಟುವ ಜಾಗ. ಅವರ ಲೆಕ್ಕವೆಲ್ಲ ವಿಂಡೋಸ್ ಇರುವ ಒಂದು ವರ್ಚುವಲ್ ಮೆಷೀನಿನಲ್ಲಿತ್ತು. ಅದನ್ನು ಹೊಸ ವ್ಯವಸ್ಥೆಗೆ ಸಾಗಿಸುವ ಗುತ್ತಿಗೆಯನ್ನು ಒಬ್ಬರು ಹಿಡಿದರು. ರವಿವಾರ ರಾತ್ರಿ ಒಬ್ಬನೇ ಹುಡುಗನನ್ನು ಕಳುಹಿಸಿದರು. ನಮ್ಮವನೇ, ಕುಂದಾಪುರದ ಕಡೆಯವನು, ತಂದೆ ಕಲ್ಯಾಣದ ಹೋಟೆಲಿನಲ್ಲಿ ಮಾಣಿ. ಹುಡುಗ ಯಂತ್ರವನ್ನು ಸಾಗಿಸಿದ. ಹೊಸ ಕಿಟಕಿ ಬೇಗ ಕೆಲಸ ಮಾಡುತ್ತದೆಂದು ಓದಿದ್ದ, ಅದನ್ನೇ ಜೋಡಿಸಿದ. ಯಂತ್ರ ಶುರು ಮಾಡಿದ. ವಿಂಡೋಸಿನ ಗುರುತು ಕಾಣಿಸಿತು, ಚಕ್ರ ನಾಲ್ಕು ಸುತ್ತು ತಿರುಗಿತು, ಆಮೇಲೆ ನೀಲಿ ಪರದೆ. ಅದರಲ್ಲಿ ಬರೆದದ್ದು: ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಅಂದರೆ, ಎಲ್ಲಿಂದ ಏಳಬೇಕೋ ಆ ಡಿಸ್ಕು ಕೈಗೆ ಎಟುಕುತ್ತಿಲ್ಲ.

ಮತ್ತೆ ಶುರು ಮಾಡಿದ, ಮತ್ತೆ ನೀಲಿ. ಬೆಳಗಿನ ತನಕ ಇದೇ. ಸೋಮವಾರ ಹತ್ತು ಗಂಟೆಗೆ ಪೇಢಿ ತೆರೆಯಿತು. ಸಾಲಿನಲ್ಲಿ ಮೊದಲು ನಿಂತವರು ಒಬ್ಬ ಅಡಿಗೆ ಭಟ್ಟರು. ಊರಲ್ಲಿ ತಾಯಿ ಆಸ್ಪತ್ರೆಯಲ್ಲಿದ್ದಾರೆ. ಮಧ್ಯಾಹ್ನ ಠಾಣೆಯಲ್ಲಿ ಮತ್ಸ್ಯಗಂಧಾ ಹಿಡಿಯಬೇಕು. ಅದಕ್ಕೆ ಮೊದಲು ಠೇವಣಿ ಬಿಡಿಸಿಕೊಳ್ಳಬೇಕು. ಕಾರಕೂನರು "ಮೆಷೀನು ಬಂದ್ ಇದೆ" ಎಂದರು. ಗುತ್ತಿಗೆದಾರರು ಫೋನಿನಲ್ಲಿ ಹೇಳಿದರಂತೆ: "ಡಿಸ್ಕು ಕೆಟ್ಟಿದೆ. ಅದನ್ನು ಅಳಿಸು. ಹೊಸದಾಗಿ ವಿಂಡೋಸ್ ಹಾಕು. ಇರುವ ಬ್ಯಾಕಪ್ಪನ್ನು ತುಂಬು." ಬ್ಯಾಕಪ್ಪು ಹನ್ನೊಂದು ದಿನ ಹಳೆಯದು. ಆ ಹನ್ನೊಂದು ದಿನ ಕಟ್ಟಿದವರ ಹಣ ಪಾಸ್‌ಬುಕ್ಕಿನಲ್ಲಿ ಉಂಟು, ಯಂತ್ರದಲ್ಲಿ ಇಲ್ಲ ಎಂದಾಗುತ್ತಿತ್ತು.

ಆಗ ಹುಡುಗ ನಮಗೆ ಫೋನು ಮಾಡಿದ. ಸ್ವರ ನಡುಗುತ್ತಿತ್ತು.

"ಅಣ್ಣಾ, ಡಿಸ್ಕು ಹೋಯಿತು. ನನ್ನ ತಲೆ ಮೇಲೆ ಬರುತ್ತದೆ."

"ಹೋದದ್ದು ಹೇಗೆ ಗೊತ್ತಾಯಿತು, ತಮ್ಮಾ?"

"ವಿಂಡೋಸ್ ಹೇಳುತ್ತದೆ, ಅಣ್ಣ."

"ಅದು ಕೆಟ್ಟಿದೆ ಎನ್ನುತ್ತದೋ, ಸಿಗುವುದಿಲ್ಲ ಎನ್ನುತ್ತದೋ? ಸರಿಯಾಗಿ ಓದು."

ಒಂದು ಕ್ಷಣ ಸುಮ್ಮನಾದ. "ಸಿಗುವುದಿಲ್ಲ ಎನ್ನುತ್ತದೆ" ಎಂದ.

"ಈಗ ಪರದೆಯ ಮೇಲೆ ಏನು ಕಾಣುತ್ತದೆ?"

"ಡಿಸ್ಕನ್ನು ಬಿಡಿಸಿದ್ದೇನೆ. ಅನ್‌ಯೂಸ್ಡ್ ಎಂದು ತೋರಿಸುತ್ತಿದೆ. ರಿಮೂವ್ ಒತ್ತಬೇಕು."

"ಕೈ ತೆಗೆ. ಮೌಸ್ ಬಿಟ್ಟು ದೂರ ಕೂತುಕೋ. ನಾವು ಬರುತ್ತೇವೆ."

ಬಂಧುಗಳೇ, ಇಲ್ಲಿ ಸ್ವಲ್ಪ ನಿಲ್ಲೋಣ. ಪ್ರಾಕ್ಸ್‌ಮಾಕ್ಸಿನಲ್ಲಿ ಡಿಸ್ಕನ್ನು ಬಿಡಿಸಿದರೆ, ಅಂದರೆ ಡಿಟ್ಯಾಚ್ ಮಾಡಿದರೆ, ಅದು ಎಲ್ಲಿಗೂ ಹೋಗುವುದಿಲ್ಲ. 'ಬಳಕೆಯಲ್ಲಿಲ್ಲ' ಎಂಬ ಹೆಸರಿನಲ್ಲಿ ಪಟ್ಟಿಯಲ್ಲೇ ಇರುತ್ತದೆ. ಆದರೆ ಆ ಹೆಸರಿನ ಮೇಲೆ ರಿಮೂವ್ ಒತ್ತಿ ಒಪ್ಪಿಕೊಂಡರೆ ಅದು ನಿಜವಾಗಿ ಅಳಿಯುತ್ತದೆ. ಅದೇ ಗುಂಡಿ, ಒಮ್ಮೆ ಬಿಡಿಸುತ್ತದೆ, ಎರಡನೆಯ ಸಲ ಕೊಲ್ಲುತ್ತದೆ. ಹುಡುಗನ ಬೆರಳು ಎರಡನೆಯದರ ಮೇಲಿತ್ತು.

ಹಾಗಾದರೆ ಆದದ್ದೇನು? ಉಗ್ರಾಣದಲ್ಲಿ ಅಕ್ಕಿ ಇತ್ತು, ಉದ್ದು ಇತ್ತು. ಕಿಟಕಿ ಬದಲಾಗಿತ್ತು. ಹಳೆಯ ಕಿಟಕಿಯ ಭಾಷೆ ಬಲ್ಲ ಮಾಣಿ ಹೊಸ ಕಿಟಕಿಗೆ ಹೋಗಿ ಬರಿಗೈಯಲ್ಲಿ ಬಂದು "ಉಗ್ರಾಣವೇ ಇಲ್ಲ" ಎಂದ. ಹೊಸ ಭಾಷೆಯ ಡ್ರೈವರನ್ನು ಕರೆಯೋಣವೆಂದರೆ, ಡ್ರೈವರು ಇರಬೇಕಾದುದೂ ಆ ಡಿಸ್ಕಿನಲ್ಲೇ. ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೆ ಉಳಿದಂತೆ.

"ಡಿಸ್ಕೇ ಸಿಗದಿದ್ದರೆ ವಿಂಡೋಸಿನ ಗುರುತಾದರೂ ಕಾಣಿಸಿದ್ದು ಹೇಗೆ?" ಎಂದು ಆ ಹುಡುಗ ಆಮೇಲೆ ನಮ್ಮನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಯಂತ್ರ ಏಳುವ ಮೊದಲ ಕ್ಷಣಗಳಲ್ಲಿ ಡಿಸ್ಕನ್ನು ಓದುವುದು ವಿಂಡೋಸ್ ಅಲ್ಲ. ಯಂತ್ರದ ಜೊತೆಗೇ ಬರುವ ಬಯಾಸ್ ಎಂಬ ಪುಟ್ಟ ತಂತ್ರಾಂಶ. ಅದಕ್ಕೆ ಹೊಸ ಕಿಟಕಿಯ ಭಾಷೆ ಬರುತ್ತದೆ. ಅದು ವಿಂಡೋಸನ್ನು ಕೈಹಿಡಿದು ಎಬ್ಬಿಸಿ, "ಇನ್ನು ನಿನ್ನ ಕೆಲಸ ನೀನು ನೋಡಿಕೋ" ಎಂದು ಬಿಟ್ಟುಬಿಡುತ್ತದೆ. ವಿಂಡೋಸ್ ಕಣ್ಣು ತೆರೆದು ತನ್ನ ಡಿಸ್ಕನ್ನು ಹುಡುಕುವಾಗ ಕಾಣುವುದಿಲ್ಲ. ಅರ್ಧ ದಾರಿ ಬಂದು ಬಿದ್ದುದರಿಂದಲೇ ನೋಡುವವರಿಗೆ ಡಿಸ್ಕು ಕೆಟ್ಟಂತೆ ತೋರುತ್ತದೆ.

ನಾವು ಹೋದಮೇಲೆ ಮಾಡಿದ್ದು ದೊಡ್ಡ ಕೆಲಸವೇನಲ್ಲ. 'ಬಳಕೆಯಲ್ಲಿಲ್ಲ' ಎಂದಿದ್ದ ಡಿಸ್ಕನ್ನು ಮತ್ತೆ ಜೋಡಿಸಿದೆವು; ವರ್ಟ್‌ಐಓ ಕಿಟಕಿಗಲ್ಲ, ವಿಂಡೋಸಿಗೆ ಮೊದಲೇ ಗೊತ್ತಿರುವ ಸಾಟಾ ಕಿಟಕಿಗೆ. ಯಾವ ಡಿಸ್ಕಿನಿಂದ ಏಳಬೇಕು ಎಂಬ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ತಂದೆವು. ಯಂತ್ರ ಎದ್ದಿತು. ಲೆಕ್ಕವೆಲ್ಲ ಇದ್ದಂತೆಯೇ ಇತ್ತು, ಶನಿವಾರ ಸಂಜೆ ಕಟ್ಟಿದ ಕೊನೆಯ ನೂರು ರೂಪಾಯಿಯ ತನಕ. ಹನ್ನೊಂದೂವರೆಗೆ ಭಟ್ಟರಿಗೆ ಹಣ ಸಿಕ್ಕಿತು. ಅವರು ಗಾಡಿ ಹಿಡಿದರು. ಏನಾಗಿತ್ತೆಂಬುದು ಅವರಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ.

ಸಾಟಾ ಕಿಟಕಿಯಲ್ಲೇ ಬಿಡಬಹುದಿತ್ತು. ಆದರೆ ಲೆಕ್ಕ ಹೆಚ್ಚಾದಂತೆ ನಿಧಾನವಾಗುತ್ತದೆ. ಆದುದರಿಂದ ಮುಂದಿನ ರವಿವಾರ ಹುಡುಗನನ್ನೇ ಕೂರಿಸಿ ಕ್ರಮವಾಗಿ ಮಾಡಿಸಿದೆವು. ಆ ಕ್ರಮವನ್ನು ನಿಮ್ಮೆದುರು ಹೇಳುತ್ತೇವೆ. ಈ ಪತ್ರಿಕೆಯಲ್ಲಿ ಅಚ್ಚಾದಾಗ ಕತ್ತರಿಸಿ ಮನೆಯ ಮಕ್ಕಳಿಗೆ ಕೊಡಿ.

ಮೊದಲನೆಯದಾಗಿ, ಬ್ಯಾಕಪ್ಪು. ಅದೇ ದಿನದ್ದು, ಬೇರೆ ಯಂತ್ರದಲ್ಲಿರುವುದು, ಮತ್ತು ಒಮ್ಮೆ ತೆರೆದು ನೋಡಿದ್ದು. ಸ್ನ್ಯಾಪ್‌ಶಾಟು ಒಳ್ಳೆಯದೇ, ಆದರೆ ಅದು ಅದೇ ಉಗ್ರಾಣದಲ್ಲಿರುತ್ತದೆ. ಉಗ್ರಾಣಕ್ಕೆ ಬೆಂಕಿ ಬಿದ್ದರೆ ಎರಡೂ ಹೋಗುತ್ತವೆ.

ಎರಡನೆಯದಾಗಿ, ಇದ್ದದ್ದನ್ನು ಕಾಗದದ ಮೇಲೆ ಬರೆದುಕೊಳ್ಳುವುದು. ಯಾವ ಕಿಟಕಿ, ಎಷ್ಟನೆಯ ಸಂಖ್ಯೆ, ಏಳುವ ಕ್ರಮ ಯಾವುದು, ಯಂತ್ರ ಏಳುವುದು ಹಳೆಯ ಬಯಾಸಿನಿಂದಲೋ ಯು.ಇ.ಎಫ್.ಐ.ಯಿಂದಲೋ. ಈ ನಾಲ್ಕು ಸಾಲು ಬರೆಯಲು ಎರಡು ನಿಮಿಷ ಸಾಕು. ಬರೆಯದಿದ್ದರೆ ಹಿಂದಿನ ಸ್ಥಿತಿಗೆ ಮರಳುವ ದಾರಿ ತಪ್ಪುತ್ತದೆ.

ಮೂರನೆಯದಾಗಿ, ಹೊಸ ಮನೆಯಲ್ಲಿ ಮೊದಲು ಹಳೆಯ ಬಗೆಯ ಕಿಟಕಿಯಿಂದಲೇ, ಸಾಟಾ ಅಥವಾ ಐ.ಡಿ.ಇ.ಯಿಂದ, ಯಂತ್ರವನ್ನು ಎಬ್ಬಿಸುವುದು. ಎದ್ದಮೇಲೆ ವರ್ಟ್‌ಐಓ ಡ್ರೈವರುಗಳಿರುವ ಸಿ.ಡಿ. ಕಡತವನ್ನು ಜೋಡಿಸಿ ಡ್ರೈವರುಗಳನ್ನು ಹಾಕುವುದು.

ನಾಲ್ಕನೆಯದು ಮುಖ್ಯವಾದುದು. ಯಂತ್ರಕ್ಕೆ ಒಂದು ಪುಟ್ಟ ಖಾಲಿ ಡಿಸ್ಕನ್ನು, ಒಂದು ಜಿ.ಬಿ.ಯದಾದರೂ ಸಾಕು, ಹೊಸ ಕಿಟಕಿಗೆ ಜೋಡಿಸುವುದು. ಮೂಲ ಡಿಸ್ಕು ಹಳೆಯ ಕಿಟಕಿಯಲ್ಲೇ ಇರಲಿ. ಈಗ ಎರಡು ಕಿಟಕಿಗಳೂ ಒಟ್ಟಿಗೆ ತೆರೆದಿರುತ್ತವೆ. ಯಂತ್ರ ಏಳುತ್ತದೆ, ವಿಂಡೋಸ್ ಹೊಸ ಕಿಟಕಿಯನ್ನು ಕಣ್ಣಾರೆ ಕಾಣುತ್ತದೆ, ಅದರ ಡ್ರೈವರನ್ನು ನಿಜವಾಗಿ ಕೂರಿಸುತ್ತದೆ, ಏಳುವಾಗಲೇ ಈ ಮಾಣಿ ಎಚ್ಚರವಿರಬೇಕೆಂದು ಗುರುತು ಮಾಡಿಕೊಳ್ಳುತ್ತದೆ. ಡ್ರೈವರನ್ನು ಬರೀ ಒಳಗೆ ತಂದಿಟ್ಟರೆ ಸಾಲದು. ಅದಕ್ಕೊಂದು ಕೆಲಸ ಕೊಟ್ಟು ರೂಢಿ ಮಾಡಿಸಬೇಕು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಆ ಪುಟ್ಟ ಡಿಸ್ಕು ಕಂಡರೆ ಭಾಷೆ ಬಂತೆಂದು ತಿಳಿಯಬೇಕು. ಕಾಣದೆ ಮುಂದಿನ ಹೆಜ್ಜೆ ಇಡಬಾರದು.

ಐದನೆಯದಾಗಿ, ಯಂತ್ರವನ್ನು ಪೂರ್ಣವಾಗಿ ಆರಿಸುವುದು. ವಿಂಡೋಸಿಗೆ ಬೇಗ ಏಳಲೆಂದು ಅರೆನಿದ್ದೆ ಮಾಡುವ ಅಭ್ಯಾಸವಿದೆ, ಅದನ್ನು ತಪ್ಪಿಸಬೇಕು. ಆಮೇಲೆ ಮೂಲ ಡಿಸ್ಕನ್ನು ಬಿಡಿಸಿ, ಹೊಸ ಕಿಟಕಿಗೆ ಜೋಡಿಸಿ, ಏಳುವ ಕ್ರಮವನ್ನು ಸರಿಪಡಿಸುವುದು. ಈ ಕ್ರಮವನ್ನು ಮರೆತರೆ ಎಲ್ಲ ಸರಿಯಿದ್ದೂ ಯಂತ್ರ "ಏಳಲು ಡಿಸ್ಕಿಲ್ಲ" ಎಂದು ಕೂಗುತ್ತದೆ.

ಆರನೆಯದಾಗಿ, ಎದ್ದಮೇಲೆ ಎಲ್ಲ ಡಿಸ್ಕುಗಳನ್ನೂ ಎಣಿಸುವುದು. ವಿಂಡೋಸ್ ಸರ್ವರಿನಲ್ಲಿ ಲೆಕ್ಕವಿರುವ ಎರಡನೆಯ ಡಿಸ್ಕು ಹೊಸ ಕಿಟಕಿಯಲ್ಲಿ 'ಆಫ್‌ಲೈನ್' ಎಂದು ಸುಮ್ಮನೆ ಕೂರುವುದುಂಟು. ಅದು ಹೋಗಿಲ್ಲ, ಅದನ್ನು ಆನ್‌ಲೈನ್ ಮಾಡಿದರೆ ಆಯಿತು. ಕೊನೆಗೆ ಆ ಪುಟ್ಟ ಡಿಸ್ಕನ್ನು ತೆಗೆಯಬಹುದು. ಹಳೆಯ ಬ್ಯಾಕಪ್ಪನ್ನು ಮಾತ್ರ ಕೂಡಲೆ ಅಳಿಸಬೇಡಿ. ಒಂದು ತಿಂಗಳಿನ ಲೆಕ್ಕ ಮುಗಿಯಲಿ.

ಲಿನಕ್ಸ್ ಇರುವ ಯಂತ್ರವಾದರೆ ಕೆಲಸ ಹಗುರ. ವರ್ಟ್‌ಐಓ ಭಾಷೆ ಅದಕ್ಕೆ ೨೦೦೮ರಿಂದಲೇ ಬರುತ್ತದೆ. ಅಲ್ಲಿ ನೋಡಬೇಕಾದುದು ಎರಡು. ಏಳುವಾಗ ಬೇಕಾದ ಡ್ರೈವರುಗಳ ಸಣ್ಣ ಗಂಟು ಒಂದಿರುತ್ತದೆ, ಇನಿಟ್‌ರಾಮ್‌ಎಫ್‌ಎಸ್ ಎಂದು ಅದರ ಹೆಸರು. ರೆಡ್ ಹ್ಯಾಟ್ ಮನೆತನದ ಲಿನಕ್ಸಿನಲ್ಲಿ ಸಾಮಾನ್ಯವಾಗಿ ಆ ಯಂತ್ರಕ್ಕೆ ಬೇಕಾದಷ್ಟನ್ನೇ ಈ ಗಂಟಿನಲ್ಲಿ ಕಟ್ಟಿರುತ್ತಾರೆ. ಕಿಟಕಿ ಬದಲಿಸುವ ಮೊದಲು ಹೊಸ ಡ್ರೈವರನ್ನು ಸೇರಿಸಿ ಗಂಟನ್ನು ಮತ್ತೆ ಕಟ್ಟಬೇಕು. ಇನ್ನೊಂದು, ಡಿಸ್ಕಿನ ಹೆಸರು. ಎಸ್‌ಡಿಎ ಎಂದಿದ್ದದ್ದು ವರ್ಟ್‌ಐಓ ಬ್ಲಾಕ್ ಕಿಟಕಿಯಲ್ಲಿ ವಿಡಿಎ ಆಗುತ್ತದೆ. ಹೆಸರು ಹಿಡಿದು ಹುಡುಕುವ ಬದಲು ಯು.ಯು.ಐ.ಡಿ. ಎಂಬ ಗುರುತಿನ ಸಂಖ್ಯೆ ಬರೆದಿದ್ದರೆ ಈ ತಾಪತ್ರಯವಿಲ್ಲ. ಖೋಲಿಯ ನಂಬರು ಬದಲಾದರೂ ಮನುಷ್ಯನ ಗುರುತು ಬದಲಾಗುವುದಿಲ್ಲವಷ್ಟೆ.

ಯಂತ್ರದ ಮಾತು ಇಲ್ಲಿಗೆ ಸಾಕು. ಇನ್ನು ಮನುಷ್ಯರ ಮಾತು.

ಆ ಸೋಮವಾರ ತಪ್ಪು ಯಾರದು? ಹುಡುಗನದು ಎಂದು ಎಲ್ಲರೂ ಹೇಳಿದರು. ಅವನಲ್ಲೂ ತಪ್ಪಿದೆ, ಡ್ರೈವರು ಹಾಕದೆ ಕಿಟಕಿ ಬದಲಿಸಿದ. ಆದರೆ ಅವನಿಗೆ ಹಳೆಯ ಸ್ಥಿತಿಯ ವಿವರ ಬರೆದುಕೊಟ್ಟವರಿಲ್ಲ. ಅದೇ ದಿನದ ಬ್ಯಾಕಪ್ಪು ಇರಲಿಲ್ಲ. ಜೊತೆಗೆ ಇನ್ನೊಬ್ಬನನ್ನು ಕಳುಹಿಸಲಿಲ್ಲ. ಪರೀಕ್ಷೆಗೆ ಸಮಯ ಕೊಡಲಿಲ್ಲ. ಹನ್ನೆರಡು ಗಂಟೆ ನಿದ್ದೆಗೆಟ್ಟವನಿಗೆ ಫೋನಿನಲ್ಲಿ "ಅಳಿಸು" ಎಂದವರಿದ್ದರು. ಅಳಿಸಿದ್ದರೆ ಆ ಮಾತು ಗಾಳಿಗೆ ಹೋಗುತ್ತಿತ್ತು. ಒತ್ತಿದ ಬೆರಳು ಮಾತ್ರ ಉಳಿಯುತ್ತಿತ್ತು.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ೧೯೨೮ರಲ್ಲಿ ಮುಂಬಯಿಯ ಗಿರಣಿ ಕಾಮಗಾರರು ಸುಮಾರು ಆರು ತಿಂಗಳು ಮುಷ್ಕರ ಹೂಡಿದಾಗ ಅದರ ಮುಖ್ಯ ಕಾರಣಗಳಲ್ಲಿ ಒಂದು, ಎರಡು ಮಗ್ಗ ನೋಡುವವನು ಮೂರು ನೋಡಬೇಕೆಂಬ ಹೊಸ ಏರ್ಪಾಡು. ಹೊಸತು ಬರುವಾಗ ಅದರ ಭಾರ ಯಾರ ಹೆಗಲ ಮೇಲೆ ಎಂಬ ಪ್ರಶ್ನೆ ಅಂದಿನಿಂದ ಇಂದಿನ ತನಕ ಒಂದೇ. ಹೊಸತು ಬರಲೇಬಾರದು ಎನ್ನುವವರು ನಾವಲ್ಲ. ಕೈಯಲ್ಲಿ ಕಪ್ಪು ತೊಳೆದವರು ನಾವು. ಯಂತ್ರದಲ್ಲಿ ತೊಳೆದರೆ ಬೇಡವೆನ್ನುತ್ತೇವೆಯೇ? ಆದರೆ ಹೊಸ ಕಿಟಕಿ ತೆರೆಯುವವರು, ಅದರ ಭಾಷೆಯನ್ನು ಒಳಗಿರುವವನಿಗೆ ಮೊದಲು ಕಲಿಸಬೇಕು. ಕಲಿತನೆಂದು ಖಾತ್ರಿಯಾದಮೇಲೆ ಹಳೆಯದನ್ನು ಮುಚ್ಚಬೇಕು. ಯಂತ್ರಕ್ಕೆ ಹೇಗೋ ಮನುಷ್ಯನಿಗೂ ಹಾಗೆಯೇ. ನಮ್ಮ ತಂದೆಯಂಥವರಿಗೆ ಹಳೆಯ ಕಿಟಕಿ ಮುಚ್ಚಿತು. ಹೊಸದನ್ನು ಯಾರೂ ತೋರಿಸಲಿಲ್ಲ.

ಆದುದರಿಂದ ಡೇಟಾ ಸೆಂಟರಿನಲ್ಲಿ, ಕಂಪ್ಯೂಟರು ಗುತ್ತಿಗೆಯಲ್ಲಿ ಕೆಲಸ ಮಾಡುವ ನಮ್ಮ ಮಕ್ಕಳಿಗೆ ನಾಲ್ಕು ಮಾತು ಹೇಳಿ. ಇಂಥ ಕೆಲಸ ಮಾಡೆಂದರೆ ಆಜ್ಞೆಯನ್ನು ಬರಹದಲ್ಲಿ ಕೇಳಲಿ. ವಾಟ್ಸಾಪ್ ಆದರೂ ಸರಿ. ಬ್ಯಾಕಪ್ಪನ್ನು ತೆರೆದು ತೋರಿಸುವ ತನಕ ಕೈ ಹಚ್ಚದಿರಲಿ. ಅಳಿಸುವ ಗುಂಡಿಯನ್ನು ಒಬ್ಬನೇ ಇದ್ದಾಗ ಒತ್ತದಿರಲಿ. ಎರಡನೆಯ ಕಣ್ಣು ಬೇಕು. ಗೊತ್ತಾಗದಿದ್ದರೆ "ಗೊತ್ತಿಲ್ಲ, ನಿಲ್ಲಿಸುತ್ತೇನೆ" ಎಂದು ಹೇಳಲು ನಾಚದಿರಲಿ. ಆ ಹುಡುಗನ ಪ್ರಾಣ ಉಳಿಸಿದ್ದು ಅವನ ವಿದ್ಯೆಯಲ್ಲ. ಒತ್ತುವ ಮೊದಲು ಒಬ್ಬರನ್ನು ಕೇಳಿದ್ದು.

ಪೇಢಿಗಳಲ್ಲಿ, ಸಂಘಗಳಲ್ಲಿ ಸದಸ್ಯರಾಗಿರುವ ತಾವೂ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದು ಪ್ರಶ್ನೆ ಕೇಳಿ. ಲಾಭಾಂಶ ಎಷ್ಟೆಂದು ಕೇಳುವಿರಲ್ಲ, ಅದರ ಜೊತೆಗೆ: ನಮ್ಮ ಲೆಕ್ಕದ ಬ್ಯಾಕಪ್ಪು ಎಷ್ಟು ದಿನಕ್ಕೊಮ್ಮೆ? ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ? ಉತ್ತರ ಬಾರದಿದ್ದರೆ ಕೂರಬೇಡಿ.

ಆ ಹುಡುಗ ಈಗ ಮಹಾಪೆಯಲ್ಲಿ ರಾತ್ರಿ ಪಾಳಿಗೆ ಹೋಗುತ್ತಾನೆ. ಮೊನ್ನೆ ಠಾಣೆಯ ಪ್ಲಾಟ್‌ಫಾರಂ ಮೇಲೆ ಸಿಕ್ಕಿದ. ಕಿಸೆಯಿಂದ ಒಂದು ಸಣ್ಣ ನೋಟುಪುಸ್ತಕ ತೆಗೆದು ತೋರಿಸಿದ. ಅದರಲ್ಲಿ ಯಂತ್ರಕ್ಕೊಂದು ಪುಟ, ಪ್ರತಿ ಪುಟದ ತಲೆಯ ಮೇಲೆ ಮೊದಲ ಸಾಲು: "ಇದ್ದ ಕಿಟಕಿ." ಎಷ್ಟೊಂದು ಪುಟ ತುಂಬಿತ್ತು! ಅದನ್ನು ನೋಡಿ ನಮಗಾದ ಸಂತೋಷವನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದೇ ಇಷ್ಟು ಮಾತಾಡಿದೆವು.